ಕೀ ತೆಗೆದರೆ ಮರೆವು

"ಸ್ಟೀರಿಯೊ ಮತ್ತೆ ಹನ್ನೆರಡು ಗಂಟೆ ತೋರಿಸ್ತಾ ಇದೆ ನೋಡ್ರಿ ಮಾಸ್ತರ್ರೆ," ಎಂದ ಬಸಣ್ಣ, ಕಾರಿನ ನಾಲ್ಕೂ ಬಾಗಿಲು ತೆರೆದಿಟ್ಟು.

ಸಂಜೆ ಆರೂವರೆ. ಕಲಬುರಗಿಯ ಅಪ್ಪನ ಕೆರೆಯ ದಂಡೆ. ಮಧ್ಯಾಹ್ನ 43 ಡಿಗ್ರಿ ಕುಡಿದ ಕಲ್ಲುಕಟ್ಟೆ ಇನ್ನೂ ಆರಿರಲಿಲ್ಲ. ಅದರ ಮೇಲೆ ಕೂತರೆ ಹಂಚಿನ ಮೇಲಿನ ರೊಟ್ಟಿಯ ಕಷ್ಟ ಗೊತ್ತಾಗುತ್ತದೆ. ಅಂಥದ್ದರಲ್ಲೂ ನಮ್ಮ ಕೈಯಲ್ಲಿ ಬಿಸಿ ಮಿರ್ಚಿ.

"ಕಲಬುರಗಿಯಲ್ಲಿ ಮಳೆ ಬರೋವರೆಗೂ ಹನ್ನೆರಡೇ ಗಂಟೆ ಬಸಣ್ಣ. ಅದು ತಪ್ಪೇನು ಹೇಳಿಲ್ಲ," ಎಂದೆ.

ಬೆಂಗಳೂರಿನಿಂದ ಯುಗಾದಿಗೆ ಬಂದ ಬಸಣ್ಣನ ಮಗ ಹಾಕಿಸಿಕೊಟ್ಟು ಹೋದ ಸ್ಟೀರಿಯೊ ಅದು. ಒಂಬತ್ತು ಇಂಚಿನ ಸ್ಕ್ರೀನು. ಹಳೆಯ ಸೆಟ್ಟಿಗೆ ಎರಡು ಗುಂಡಿ ಇದ್ದವು, ಕತ್ತಲಲ್ಲೂ ಕೈಗೆ ಸಿಗುತ್ತಿದ್ದವು. ಇದರಲ್ಲಿ ದನಿ ಕಡಿಮೆ ಮಾಡಬೇಕಾದರೆ ಗಾಡಿ ಬದಿಗೆ ನಿಲ್ಲಿಸಿ ಕನ್ನಡಕ ಹುಡುಕಬೇಕು. ಅದನ್ನೂ ಸಹಿಸಬಹುದಿತ್ತು. ಆದರೆ ಕೀ ತೆಗೆದ ತಕ್ಷಣ ಈ ಮಹಾಶಯ ಎಲ್ಲವನ್ನೂ ಮರೆಯುತ್ತಾನೆ. ಗಡಿಯಾರ, ರೇಡಿಯೊ ಸ್ಟೇಷನ್ನು, ದನಿಯ ಅಳತೆ, ಎಲ್ಲ. ಮತ್ತೆ ಕೀ ತಿರುಗಿಸಿದರೆ ಮೊದಲ ಸಲ ನೋಡಿದವನಂತೆ 'ವೆಲ್‌ಕಮ್' ಅನ್ನುತ್ತಾನೆ. ಎರಡು ತಿಂಗಳಿಂದ ಬಸಣ್ಣ ತನ್ನದೇ ಕಾರನ್ನು ಬೀಗರ ಮನೆ ಹೊಕ್ಕಂತೆ ಹತ್ತುತ್ತಿದ್ದಾನೆ.

"ಕಾಕಾ, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಬೇಕು," ಎಂದ ಚಂದ್ರು. ಅವನು ಮಿಕ್ಸರ್ ಕೆಟ್ಟರೂ ಹಾಗೇ ಅನ್ನುತ್ತಾನೆ.

"ಅರೆ, ಎಂಥ ಅಪ್‌ಡೇಟ್? ಅರ್ಥ್ ಇಲ್ಲ ಅದಕ್ಕೆ," ಎಂದರು ಖಾಜಾ ಭಾಯ್. ಮೂವತ್ತು ವರ್ಷ ಮೋಟಾರ್ ವೈಂಡಿಂಗ್ ಮಾಡಿದವರು. ಲೋಕದಲ್ಲಿ ಕೆಟ್ಟದ್ದಕ್ಕೆಲ್ಲ ಅವರ ಪ್ರಕಾರ ಒಂದೇ ಕಾರಣ.

"ಚಂದ್ರು ಮಾತಿಗಂತೂ ಇಲ್ಲ ಭಾಯ್," ಎಂದೆ.

"ಸರ್, ನಗಬೇಡಿ. ನನ್ನ ಗಾಡಿಗೆ ಅರ್ಥ್ ಹಾಕಿದ್ದು ಭಾಯ್‌ನೇ," ಎಂದ ಚಂದ್ರು.

ಅದು ನಿಜ. ಚಂದ್ರುವಿನ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಸ್ಪೀಕರಿನಲ್ಲಿ ಕುಯ್ಯ್ ಅಂತ ಏರುವ ಸಿಳ್ಳೆ ಬರುತ್ತಿತ್ತು. ಗೇರ್ ಬದಲಿಸಿದರೆ ಸಿಳ್ಳೆಯೂ ರಾಗ ಬದಲಿಸುತ್ತಿತ್ತು. ಒಬ್ಬ ಸ್ಪೀಕರ್ ಬದಲಿಸು ಅಂದ, ಇನ್ನೊಬ್ಬ ಸೆಟ್ಟೇ ಬದಲಿಸು ಅಂದ. ಭಾಯ್ ಮಾತ್ರ ಸೀಟಿನ ಕೆಳಗೆ ತಲೆ ಹಾಕಿ, ಆಂಪ್ಲಿಫೈಯರಿನ ಕಪ್ಪು ಅರ್ಥ್ ವೈರನ್ನು ಬಣ್ಣದ ಮೇಲೆಯೇ ಸ್ಕ್ರೂ ಹಾಕಿ ಕೂರಿಸಿದ್ದನ್ನು ಕಂಡುಹಿಡಿದರು. ಚಾಕುವಿನಿಂದ ಬಣ್ಣ ಕೆರೆದು, ಬರಿ ತಗಡಿಗೆ ಬಿಗಿದರು. ಆಡಿಯೊ ವೈರು ಬ್ಯಾಟರಿ ವೈರಿನ ಜೊತೆ ಅಂಟಿಕೊಂಡು ಬಂದಿತ್ತು, ಅದನ್ನು ಇನ್ನೊಂದು ಬದಿಗೆ ಒಯ್ದರು. ಸಿಳ್ಳೆ ಹೋಯಿತು.

"ಅದಿರಲಿ, ಈಗ ಮಧ್ಯಾಹ್ನ ಎರಡು ಗಂಟೆಗೆ ಆಂಪ್ಲಿಫೈಯರ್ ತಾನೇ ಆಫ್ ಆಗುತ್ತೆ ಸರ್. ಕೆಂಪು ಲೈಟ್ ಬರುತ್ತೆ. ಸಂಜೆ ಮತ್ತೆ ಸರಿ," ಎಂದ.

"ಸೀಟಿನ ಕೆಳಗೆ ಕಾರ್ಪೆಟ್ ಹೊದಿಸಿ ಇಟ್ಟಿದ್ದೀಯಲ್ಲೋ. ಬಿಸಿ ಹೋಗೋಕೆ ದಾರಿ ಎಲ್ಲಿದೆ? ಸುಟ್ಟು ಹೋಗಬಾರದು ಅಂತ ತಾನೇ ನಿಲ್ಲುತ್ತೆ. ಏಪ್ರಿಲ್, ಮೇ ಬಂದರೆ ನಮ್ಮಲ್ಲಿ ಸರ್ಕಾರಿ ಆಫೀಸೇ ಬೆಳಿಗ್ಗೆ 8ಕ್ಕೆ ತೆರೆದು 1.30ಕ್ಕೆ ಮುಚ್ಚುತ್ತೆ. ನಿನ್ನ ಆಂಪ್ಲಿಫೈಯರಿಗೆ ಅಷ್ಟೂ ಬುದ್ಧಿ ಇರಬಾರದಾ? ಬುದ್ಧಿ ಇಲ್ಲದ್ದು ಆ ಬಿಸಿಲಲ್ಲಿ ಅಡ್ಡಾಡೋ ನಿನಗೆ," ಎಂದೆ.

ಚಂದ್ರುವಿನ ಡಿಕ್ಕಿ ತುಂಬ ಸ್ಪೀಕರ್ ಡಬ್ಬಿಗಳು. ಊರಿಗೆ ಹೋಗುವಾಗ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾನೆ. ರಿಂಗ್ ರೋಡಿನಲ್ಲಿ ಈ ಹುಡುಗರು ಬಂದರೆ ಹಾಡಿಗಿಂತ ಮೊದಲು ನಂಬರ್ ಪ್ಲೇಟಿನ ಗಡಗಡ ಕೇಳುತ್ತದೆ. ಹಾಡು ಯಾವುದು ಅಂತ ಒಳಗಿದ್ದವರಿಗೂ ಗೊತ್ತಿರಲ್ಲ ಅನ್ನೋದು ನನ್ನ ಗುಮಾನಿ.

"ನನ್ನದಕ್ಕೆ ಆ ಗುದ್ದು ಬರೋದೇ ಇಲ್ಲ," ಎಂದು ಬಸಣ್ಣ ಬೇಜಾರು ಮಾಡಿಕೊಂಡ. ಬೇಡವಾಗಿದ್ದರೂ, ಇಲ್ಲ ಅಂದರೆ ಮನುಷ್ಯನಿಗೆ ಬೇಜಾರು.

ಭಾಯ್ ಎದ್ದರು. ಟಾರ್ಚಿನಿಂದ ಒಂದೂವರೆ ವೋಲ್ಟಿನ ಸೆಲ್ ತೆಗೆದು, ಸ್ಪೀಕರ್ ವೈರಿನ ಎರಡು ತುದಿಗೆ ಒಂದು ಕ್ಷಣ ಮುಟ್ಟಿಸಿದರು. ಎಡಗಡೆಯ ಸ್ಪೀಕರಿನ ಕಾಗದದ ಬಟ್ಟಲು ಟಪ್ ಅಂತ ಹೊರಗೆ ಜಿಗಿಯಿತು. ಅದೇ ಲೆಕ್ಕದಲ್ಲಿ ಬಲಗಡೆಗೆ ಮುಟ್ಟಿಸಿದರೆ ಒಳಗೆ ಸರಿಯಿತು.

"ಪ್ಲಸ್ಸು ಮೈನಸ್ಸು ಉಲ್ಟಾ. ಒಂದು ಹೊರಗೆ ತಳ್ಳಿದರೆ ಇನ್ನೊಂದು ಒಳಗೆ ಎಳೆಯುತ್ತೆ. ಬೇಸಿನ ಗುದ್ದು ಎಲ್ಲಿಂದ ಬರುತ್ತೆ?"

"ಬಸಣ್ಣನೂ ಅವನ ತಮ್ಮನೂ ಗಂಜ್ ಬಜಾರಿನಲ್ಲಿ ತೊಗರಿ ಅಂಗಡಿ ನಡೆಸಿದ ಹಾಗಾಯ್ತು," ಎಂದೆ. "ಇಬ್ಬರೂ ಜೋರಾಗಿಯೇ ದುಡಿದರು. ಗಲ್ಲೆಯಲ್ಲಿ ಮಾತ್ರ ಸದ್ದಿಲ್ಲ."

ಬಸಣ್ಣನೇ ಎಲ್ಲರಿಗಿಂತ ಹೆಚ್ಚು ನಕ್ಕ.

"ಮಾಸ್ತರ್ರೆ, ಆ ಟ್ರಾಕ್ಸ್ ಗಾಡಿ ನೆನಪಿದೆಯಾ? ಗಾಣಗಾಪುರಕ್ಕೆ ಹೋಗುತ್ತಿದ್ದೆವಲ್ಲ, ಹನ್ನೆರಡು ಜನ," ಎಂದ.

ನೆನಪಿಲ್ಲದೆ ಏನು. ಒಂದೇ ಟೇಪು, ಒಂದೇ ಕ್ಯಾಸೆಟ್ಟು, ತತ್ವಪದದ್ದು. ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು ಬದಿ. ಬಿಸಿಲಿಗೆ ಡ್ಯಾಶ್‌ಬೋರ್ಡಿನ ಮೇಲಿಟ್ಟು ಕ್ಯಾಸೆಟ್ಟು ಸೊಟ್ಟಗಾಗಿತ್ತು. ಹಾಡುವವನ ದನಿ ನಡುನಡುವೆ ಬಾವಿಗೆ ಇಳಿದು ಮೇಲೆ ಬರುತ್ತಿತ್ತು. ರೀಲು ಸಿಕ್ಕಿಕೊಂಡರೆ ನನ್ನ ಜೇಬಿನ ಪೆನ್ಸಿಲ್ಲೇ ಮೆಕ್ಯಾನಿಕ್ಕು. ಆದರೆ ಒಂದು ಮಾತು. ರಾತ್ರಿ ನಿಲ್ಲಿಸಿದ ಸಾಲಿನಿಂದಲೇ ಬೆಳಿಗ್ಗೆ ಶುರುವಾಗುತ್ತಿತ್ತು. ಅದಕ್ಕೆ ಬ್ಯಾಟರಿಯ ಹಂಗಿಲ್ಲ, ರೀಲು ನಿಂತಲ್ಲೇ ನಿಂತಿರುತ್ತಿತ್ತು.

"ಆ ಹನ್ನೆರಡರಲ್ಲಿ ಈಗ ನಾವು ಐವರು," ಎಂದರು ಭಾಯ್. ಸ್ವಲ್ಪ ಹೊತ್ತು ಯಾರೂ ಮಿರ್ಚಿಗೆ ಕೈ ಹಾಕಲಿಲ್ಲ.

ಆಮೇಲೆ ಭಾಯ್ ಮಾತಾಡದೆ ಸೆಟ್ಟನ್ನೇ ಹೊರಗೆ ಎಳೆದರು. ಕೀ ತೆಗೆಸಿದರು. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಕಾರಿನ ತಗಡಿಗೆ ಸಿಕ್ಕಿಸಿ, ಮೊನೆಯನ್ನು ಹಳದಿ ವೈರಿಗೆ ಇಟ್ಟರು. ಲ್ಯಾಂಪು ಹತ್ತಲಿಲ್ಲ. ಕೆಂಪು ವೈರಿಗೆ ಇಟ್ಟರು. ಹತ್ತಿತು.

"ಕ್ಯಾ ಬಾತ್ ಹೈ! ಅರ್ಥ್ ಸರಿಯಾಗೇ ಇದೆ," ಎಂದರು. ಮೂವತ್ತು ವರ್ಷದಲ್ಲಿ ಮೊದಲ ಸಲ ಇರಬೇಕು. "ಹಳದಿಗೆ ಹನ್ನೆರಡು ವೋಲ್ಟ್ ಯಾವಾಗಲೂ ಇರಬೇಕು. ಬ್ಯಾಟರಿಯಿಂದ ಸೀದಾ. ಸೆಟ್ಟಿನ ನೆನಪೆಲ್ಲ ಅದರ ಮೇಲೆ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಕೆಲವು ಗಾಡಿಯ ಪ್ಲಗ್ಗಿನಲ್ಲಿ ಇವೆರಡರ ಜಾಗ ಅದಲುಬದಲು ಇರುತ್ತೆ. ಹಾಕಿದವನು ನೋಡದೆ ಒತ್ತಿದ್ದಾನೆ."

"ಅಂದರೆ ಹಳದಿ, ಮನೆಯವರೆಲ್ಲ ಮಲಗಿದ ಮೇಲೂ ಎಚ್ಚರ ಇರೋ ಮುದುಕ," ಎಂದೆ. "ನನಗೆ ಪರಿಚಯ ಇದೆ."

ಬ್ಯಾಟರಿಯ ಮೈನಸ್ ಬಿಚ್ಚಿ, ಎರಡು ವೈರು ಅದಲುಬದಲು ಮಾಡಿ, ಟೇಪು ಸುತ್ತಿದರು. ಸ್ಪೀಕರಿನ ಉಲ್ಟಾ ವೈರನ್ನೂ ಸೀದಾ ಮಾಡಿದರು. ಹತ್ತು ನಿಮಿಷದ ಕೆಲಸ. ಬಸಣ್ಣ ಗಡಿಯಾರ ಇಟ್ಟ, ಆಕಾಶವಾಣಿ ಹಿಡಿದ, ಕೀ ತೆಗೆದ. ನಾವೆಲ್ಲ ಉಸಿರು ಬಿಗಿ ಹಿಡಿದು ಹತ್ತರವರೆಗೆ ಎಣಿಸಿದೆವು. ಕೀ ಹಾಕಿದ. 7.25! ಇನ್ನೊಂದು ಪ್ಲೇಟ್ ಮಿರ್ಚಿ ಬಂತು.

"ನೋಡಿ, ಅಪ್‌ಡೇಟ್ ಆಯ್ತು," ಎಂದ ಚಂದ್ರು.

ಮುಂದಿನ ವಾರ ಮಗ ಎರಡು ದಿನಕ್ಕೆ ಬಂದು ಹೋದ. ಮರುದಿನ ಬಸಣ್ಣ ಕೆರೆಗೆ ಬಂದವನೇ ನಮ್ಮನ್ನೆಲ್ಲ ಬೈದ. "ಏನು ರಿಪೇರಿ ಮಾಡಿದಿರಿ! ಇಂದು ಬೆಳಿಗ್ಗೆ ಐದಕ್ಕೆ ಗಂಜ್ ಬಜಾರಿಗೆ ಅಂತ ಕೀ ತಿರುಗಿಸಿದರೆ, ಮಗ ಇಟ್ಟಿದ್ದ ದನಿ ಹಾಗೇ ನೆನಪಿಟ್ಟುಕೊಂಡಿದೆ. ಓಣಿಯೆಲ್ಲ ಎದ್ದು ಕೂತಿತು. ಮೊದಲಾದರೆ ಮರೆತು ತಣ್ಣಗೆ ಶುರುವಾಗುತ್ತಿತ್ತು."

"ನೆನಪು ಬೇಕು ಅಂದವನು ನೀನೇ," ಎಂದೆ.

ಬಸಣ್ಣ ತೋರಿಸಲಿಕ್ಕೆ ಕೀ ತಿರುಗಿಸಿದ. ಸ್ಕ್ರೀನಿನಲ್ಲಿ ಮಗನ ಫೋನಿನ ಹೆಸರು ಬಂತು. ಪಕ್ಕದಲ್ಲಿ ಒಂದು ಚಕ್ರ ತಿರುಗುತ್ತಿತ್ತು. ಹುಡುಕಿತು, ಸಿಗಲಿಲ್ಲ. ಮತ್ತೆ ಹುಡುಕಿತು.

"ಕಾಕಾ, ಅದನ್ನು ಡಿಲೀಟ್ ಮಾಡಿಬಿಡಿ. ಸುಮ್ನೆ ಹುಡುಕ್ತಾ ಇರುತ್ತೆ," ಎಂದು ಚಂದ್ರು ಕೈ ಚಾಚಿದ.

"ಇರಲಿ ಬಿಡಪಾ," ಎಂದ ಬಸಣ್ಣ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ದನಿಯನ್ನಷ್ಟೇ ಕಡಿಮೆ ಮಾಡಿದ.