ಮಗಳಿಗೆ ಮೊದಲ ಕುದುರೆ: ಮೂರರಲ್ಲಿ ಯಾವುದು?

ನರೇಂದ್ರದ ರೈತ, ಧಾರವಾಡ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ 15 ವರ್ಷ. ಒಂದೂವರೆ ವರ್ಷದಿಂದ ವಾರಕ್ಕೆರಡು ದಿನ ತರಬೇತಿ ಶಾಲೆಯೊಂದರಲ್ಲಿ ಸವಾರಿ ಕಲಿಯುತ್ತಿದ್ದಾಳೆ. ನಡಿಗೆಯಲ್ಲೂ ಹಗುರ ಓಟವಾದ ಟ್ರಾಟ್‌ನಲ್ಲೂ ಗಟ್ಟಿಯಾಗಿ ಕುಳಿತುಕೊಳ್ಳುತ್ತಾಳೆ, ಅದಕ್ಕಿಂತ ವೇಗದ ಕ್ಯಾಂಟರ್ ಈಗಷ್ಟೇ ಶುರುವಾಗಿದೆ. ತೂಕ 48 ಕಿಲೋ. ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮೇಲೆ ಸ್ವಂತ ಕುದುರೆ ಕೊಡಿಸುತ್ತೇನೆಂದು ಮಾತು ಕೊಟ್ಟು ಸಿಕ್ಕಿಬಿದ್ದಿದ್ದೇನೆ. ಹೊಲದಲ್ಲಿ ದನದ ಕೊಟ್ಟಿಗೆಯ ಪಕ್ಕ ಜಾಗವಿದೆ, ಮೇವಿಗೆ ಕೊರತೆಯಿಲ್ಲ.

ಮೂರು ಕುದುರೆಗಳನ್ನು ನೋಡಿ ಬಂದಿದ್ದೇವೆ. ಮೊದಲನೆಯದು ಮಹಾರಾಷ್ಟ್ರದ ಸಾರಂಗಖೇಡಾ ಜಾತ್ರೆಯಿಂದ ತಂದ ನಾಲ್ಕು ವರ್ಷದ, ಮಾರ್ವಾಡಿ ತಳಿಯ ಬಿಳಿಯ ಹೆಣ್ಣು ಕುದುರೆ. ಕಿವಿಯ ತುದಿಗಳೆರಡೂ ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುತ್ತವೆ, ಮಗಳು ಆಗಲೇ ಅದಕ್ಕೆ ಹೆಸರನ್ನೂ ಇಟ್ಟಿದ್ದಾಳೆ. ಎರಡನೆಯದು ರೇಸಿನಿಂದ ನಿವೃತ್ತವಾದ ಆರು ವರ್ಷದ, ಥರೋಬ್ರೆಡ್ ಎಂಬ ಓಟದ ತಳಿಯ ಕುದುರೆ, ಬೆಲೆ ಆಶ್ಚರ್ಯವಾಗುವಷ್ಟು ಕಡಿಮೆ. ಮೂರನೆಯದು ಹನ್ನೊಂದು ವರ್ಷದ, ಬೀಜ ತೆಗೆದ, ಕಾಠಿಯಾವಾಡಿ ತಳಿಯ ಬೆರಕೆಯ ಕಂದು ಕುದುರೆ. ಹಣೆಯ ಮೇಲೆ ಕೆಟ್ಟ ಸುಳಿ ಇದೆಯೆಂದು ನಮ್ಮ ತಾಯಿಯವರು ಅದನ್ನು ಬೇಡವೆನ್ನುತ್ತಿದ್ದಾರೆ. ತಳಿ ನೋಡಬೇಕೋ, ವಯಸ್ಸು ನೋಡಬೇಕೋ, ತಿಳಿದವರು ಹೇಳಬೇಕು.

ಟಾಂಗಾ ಮನೆತನದವ, ಗದಗ

ತಳಿಯ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಟ್ಟು, ಈ ಮೂರೂ ಕುದುರೆಗಳು ಇಲ್ಲಿಯವರೆಗೆ ದಿನಬೆಳಗಾದರೆ ಏನು ಮಾಡುತ್ತಿದ್ದವು ಎಂಬುದನ್ನು ವಿಚಾರಿಸಿರಿ. ರೇಸಿನ ಕುದುರೆ ಎರಡು ವರ್ಷದ ಮರಿಯಿದ್ದಾಗಿನಿಂದ ಲಗಾಮು ಬಿಗಿಯಾದಷ್ಟೂ ಅದರ ಮೇಲೆ ಭಾರ ಹಾಕಿ ಮುನ್ನುಗ್ಗುವುದನ್ನು ರೂಢಿ ಮಾಡಿಕೊಂಡಿರುತ್ತದೆ. ಹೊಸ ಸವಾರಳು ಹೆದರಿದಾಗ ಮಾಡುವುದೂ ಲಗಾಮು ಬಿಗಿ ಹಿಡಿಯುವುದನ್ನೇ. ಪಳಗಿದ ಕೈಗೆ ಅದು ಒಳ್ಳೆಯ ಕುದುರೆಯೇ, ತಮ್ಮ ಮಗಳಿಗೆ ಇನ್ನೂ ಕಾಲ ಬಂದಿಲ್ಲ. ನಾಲ್ಕು ವರ್ಷದ್ದಕ್ಕೆ ಮೂಲೆಯ ಹಲ್ಲೇ ಪೂರ್ತಿ ಬದಲಾಗಿರುವುದಿಲ್ಲ. ಕಲಿಯುತ್ತಿರುವ ಹುಡುಗಿಯನ್ನು ಕಲಿಯುತ್ತಿರುವ ಕುದುರೆಯ ಮೇಲೆ ಕೂರಿಸುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಹನ್ನೊಂದೆಂದರೆ ಮುದಿಯೆಂದು ಹಿಂಜರಿಯಬೇಡಿ. ಚೆನ್ನಾಗಿ ನೋಡಿಕೊಂಡರೆ ಕುದುರೆ 25 ವರ್ಷ ಬಾಳುತ್ತದೆ. ಆದರೆ ಮಾರುವವನ ಬಾಯಿಮಾತನ್ನು ನಂಬದೆ ಕುದುರೆಯ ಬಾಯಿಯನ್ನೇ ತೆರೆದು ನೋಡಿರಿ: ಮೇಲ್ದವಡೆಯ ಮೂಲೆಯ ಬಾಚಿಹಲ್ಲಿನಲ್ಲಿ ಒಸಡಿನ ಅಂಚಿನಿಂದ ಕಂದು ಗೆರೆಯೊಂದು ಸುಮಾರು ಹತ್ತನೆಯ ವರ್ಷಕ್ಕೆ ಇಣುಕುತ್ತದೆ, ಹದಿನೈದಕ್ಕೆ ಹಲ್ಲಿನ ಅರ್ಧಕ್ಕೆ ಇಳಿಯುತ್ತದೆ. ಗೆರೆ ಅರ್ಧ ದಾಟಿದ್ದರೆ ಹನ್ನೊಂದೆಂಬುದು ಸುಳ್ಳು. ಸುಳಿಯ ವಿಚಾರದಲ್ಲಿ ತಾಯಿಯವರೊಡನೆ ವಾದಕ್ಕಿಳಿಯಬೇಡಿ. ನಮ್ಮ ಅಜ್ಜನೂ ನಾಲ್ಕು ಕಾಲೂ ಮುಖವೂ ಬಿಳಿಯಿರುವ ಪಂಚಕಲ್ಯಾಣಿಯೆಂದರೆ ಕೈ ಮುಗಿಯುತ್ತಿದ್ದ, ಆದರೆ ಟಾಂಗಾಕ್ಕೆ ಹೂಡುತ್ತಿದ್ದುದು ಸುಳಿಯ ದೆಸೆಯಿಂದ ಅಗ್ಗಕ್ಕೆ ಸಿಕ್ಕ ಕುದುರೆಗಳನ್ನೇ.

ಒಬ್ಬ ತಾಯಿ, ಹುಬ್ಬಳ್ಳಿ

ಆ ಕಂದು ಕುದುರೆಯನ್ನು ಮೆರವಣಿಗೆಗೆ ಬಳಸಿದ್ದಾರೆಯೇ ಎಂದು ದಯವಿಟ್ಟು ಕೇಳಿ ತಿಳಿದುಕೊಳ್ಳಿ. ನಾವು ಮಗನಿಗೆಂದು ಮದುವೆಯ ಮೆರವಣಿಗೆಯ ಕುದುರೆಯೊಂದನ್ನು ಕೊಂಡಿದ್ದೆವು. ಬ್ಯಾಂಡು, ಪಟಾಕಿ, ಜನಜಂಗುಳಿ ಯಾವುದಕ್ಕೂ ಬೆದರದ ಪ್ರಾಣಿ ಮಕ್ಕಳಿಗೆ ಇನ್ನೆಲ್ಲಿ ಸಿಗುತ್ತದೆ ಎಂಬುದು ನಮ್ಮ ಲೆಕ್ಕವಾಗಿತ್ತು. ಮೂರನೆಯ ದಿನ ಕಲಘಟಗಿ ರಸ್ತೆಯ ಬದಿಯಲ್ಲಿ ಲಾರಿಯೊಂದು ಹಾರ್ನ್ ಹೊಡೆದಾಗ ಬೆಚ್ಚಿದ್ದು ಕುದುರೆಯಲ್ಲ, ನನ್ನ ಮಗ. ಅವನು ಲಗಾಮನ್ನು ಎರಡೂ ಕೈಯಿಂದ ಎಳೆದ ಕೂಡಲೇ ಕುದುರೆ ತನಗೆ ಕಲಿಸಿದ್ದ ಪಾಠವನ್ನು ಚಾಚೂ ತಪ್ಪದೆ ಒಪ್ಪಿಸಿತು: ನಿಂತಲ್ಲೇ ಕುಣಿಯತೊಡಗಿತು, ಅವನು ಇನ್ನಷ್ಟು ಎಳೆದಾಗ ಹಿಂಗಾಲಿನ ಮೇಲೆ ಎದ್ದು ನಿಂತಿತು. ಹೆಲ್ಮೆಟ್ ಇದ್ದುದರಿಂದ ಮಣಿಕಟ್ಟಿನ ಮುರಿತಕ್ಕೇ ಮುಗಿಯಿತು. ತಪ್ಪು ಕುದುರೆಯದಲ್ಲ, ಕೇಳದೆ ಕೊಂಡ ನಮ್ಮದು.

ಪಶುವೈದ್ಯ, ಹಾವೇರಿ

ಮೇಲಿನ ಇಬ್ಬರ ಮಾತಿಗೂ ನನ್ನ ಸಹಮತವಿದೆ. ಭಾರದ ಚಿಂತೆ ಬೇಡ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ನೂರಕ್ಕೆ 20ರೊಳಗಿರಬೇಕೆಂಬುದು ಸಾಮಾನ್ಯ ಲೆಕ್ಕ, ಆದ್ದರಿಂದ 320 ಕಿಲೋ ತೂಗುವ ಕುದುರೆ ತಮ್ಮ ಮಗಳನ್ನು ಧಾರಾಳವಾಗಿ ಹೊರುತ್ತದೆ.

ಮುಂದಿನ ಸಲ ಹೇಳದೆ ಹೋಗಿರಿ. ಹೇಳಿ ಹೋದರೆ ಕುದುರೆಯನ್ನು ಮೊದಲೇ ಓಡಿಸಿ ದಣಿಸಿರಬಹುದು, ಮಂಪರಿನ ಮದ್ದು ಕೊಟ್ಟಿರಲೂಬಹುದು. ಅದನ್ನು ಹಿಡಿದು ತರುವುದರಿಂದ ಹಿಡಿದು ಜೀನು ಕಟ್ಟುವವರೆಗೆ ಎಲ್ಲವನ್ನೂ ಎದುರಿಗೇ ಮಾಡಿಸಿ, ಮೊದಲು ಮಾಲೀಕರೇ ಹತ್ತಲಿ. ಬಳಿಕ ಗಟ್ಟಿ ನೆಲದ ಮೇಲೆ ನೇರವಾಗಿ ಟ್ರಾಟ್ ಮಾಡಿಸಿ ತಲೆಯನ್ನು ಗಮನಿಸಿರಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗ ತಲೆ ಮೇಲೇಳುತ್ತದೆ, ನೋವಿಲ್ಲದ ಕಾಲು ಊರಿದಾಗ ತಗ್ಗುತ್ತದೆ.

ಗ್ಲಾಂಡರ್ಸ್ ಪರೀಕ್ಷೆಯಾಗದೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ. ಇದು ಮನುಷ್ಯರಿಗೂ ಹರಡುವ ರೋಗ, ಲಸಿಕೆಯಿಲ್ಲ; ರೋಗ ದೃಢಪಟ್ಟ ಕುದುರೆಗೆ ಕಾನೂನಿನಂತೆ ದಯಾಮರಣ ಕೊಡಬೇಕಾಗುತ್ತದೆ. ಹಿಸಾರದ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಈ ಪರೀಕ್ಷೆಯನ್ನು ಮಾಡುತ್ತದೆ. ರಕ್ತದ ಮಾದರಿ ಕಳಿಸುವ ಬಗೆಯನ್ನು ತಮ್ಮ ತಾಲೂಕಿನ ಪಶು ಆಸ್ಪತ್ರೆಯಲ್ಲಿ ಕೇಳಿರಿ. ಧನುರ್ವಾಯುವಿನ ಲಸಿಕೆಯನ್ನೂ ಮರೆಯಬಾರದು.

ಮೇವಿಗೆ ಕೊರತೆಯಿಲ್ಲವೆಂದಿದ್ದೀರಿ, ಅಲ್ಲಿಯೇ ನನಗೆ ಭಯ. ಕುದುರೆಗೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲ, ದನದಂತೆ ಮೆಲುಕು ಹಾಕುವುದೂ ಇಲ್ಲ. ದನಕ್ಕೆ ಹಾಕುವ ಮುಗ್ಗಿದ ಕಣಿಕೆಯನ್ನೇ ಇದಕ್ಕೂ ಹಾಕಿದರೆ ಹೊಟ್ಟೆಶೂಲೆ ತಪ್ಪಿದ್ದಲ್ಲ, ಎಳೆ ಜೋಳದ ಹಸಿ ಮೇವನ್ನಂತೂ ಹತ್ತಿರವೂ ಸುಳಿಯಗೊಡಬೇಡಿ. 320 ಕಿಲೋ ತೂಕದ ಕುದುರೆಗೆ ದಿನಕ್ಕೆ ಐದಾರು ಕಿಲೋ ಒಳ್ಳೆಯ ಒಣಮೇವು ಸಾಕು. ಹುರುಳಿಯನ್ನು ನೆನೆಸಿ, ಬೇಯಿಸಿ, ಮಿತವಾಗಿ ಕೊಡಿ. ಮಳೆಗಾಲದಲ್ಲಿ ಎರೆಮಣ್ಣಿನ ಕೆಸರಿನಲ್ಲಿ ನಿಂತರೆ ಗೊರಸಿನ ಅಡಿ ಕೊಳೆಯುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕೆತ್ತಿ ಲಾಳ ಕಟ್ಟುವವರು ಸಿಗುತ್ತಾರೆಯೇ ಎಂಬುದನ್ನು ಕುದುರೆ ಬರುವ ಮೊದಲೇ ಖಚಿತಪಡಿಸಿಕೊಳ್ಳಿ.

ನರೇಂದ್ರದ ರೈತ, ಧಾರವಾಡ

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಬೆಳಿಗ್ಗೆ ಹೇಳದೆ ಹೋಗಿದ್ದೆವು. ಕಂದು ಕುದುರೆ ಬಯಲಿನಲ್ಲಿತ್ತು. ಬಕೆಟ್ಟಿನ ಸದ್ದಿಗೆ ತಾನೇ ನಡೆದು ಬಂತು. ಮೆರವಣಿಗೆಗೆ ಹೋಗಿಲ್ಲ, ಮಾಲೀಕರು ತೋಟ ಸುತ್ತಲು ಬಳಸುತ್ತಿದ್ದರಂತೆ. ಹಲ್ಲಿನ ಗೆರೆ ಉಗುರಿನ ಅಂಚಿನಷ್ಟೇ ಇಳಿದಿದೆ. ಬೆನ್ನಿನ ಮೇಲೆ ಎರಡು ಕಡೆ ರೂಪಾಯಿಯಗಲ ಬಿಳಿಯ ಕೂದಲಿದೆ. ಹಿಂದೆ ಜೀನು ಸರಿಯಾಗಿ ಕೂರದೆ ಆದ ಗಾಯದ ಗುರುತೆಂದು ಅವರೇ ಒಪ್ಪಿಕೊಂಡರು, ಬೆರಳಿನಿಂದ ಒತ್ತಿದರೆ ಈಗ ನೋವಿದ್ದಂತೆ ಕಾಣಲಿಲ್ಲ. ಮಗಳು ಅರ್ಧ ಗಂಟೆ ಹತ್ತಿ ಇಳಿದ ಮೇಲೆ ಬಿಳಿಯ ಕುದುರೆಗೆಂದು ಇಟ್ಟಿದ್ದ ಮಲ್ಲಿಗೆ ಎಂಬ ಹೆಸರನ್ನು ಇದಕ್ಕೇ ಕೊಡುತ್ತೇನೆಂದಳು. ತಾಯಿಯವರು ಇನ್ನೂ ಮುನಿಸಿನಲ್ಲಿದ್ದಾರೆ. ಒಂದು ತಿಂಗಳು ನಮ್ಮಲ್ಲಿ ಇಟ್ಟುಕೊಂಡು ನೋಡಲು ಮಾಲೀಕರು ಒಪ್ಪಿದ್ದಾರೆ. ರಕ್ತದ ವರದಿ ಬಂದ ಮೇಲೆಯೇ ಕರೆತರುವುದು. ಅಷ್ಟರೊಳಗೆ ಕೊಟ್ಟಿಗೆಯ ನೆಲಕ್ಕೆ ಎರಡು ಟ್ರ್ಯಾಕ್ಟರ್ ಗರಸು ಮಣ್ಣು ಹಾಕಿಸುತ್ತಿದ್ದೇನೆ.