ಅಪ್ಪ ಅಮ್ಮನ್ನ ಕರ್ಕೊಂಡು ಮೊದಲ ಸಲ ಪ್ರಾಗ್, ಹೋಗಿ ಬಂದವರು ಸ್ವಲ್ಪ ಹೇಳಿ

ಸಾಗರದ ಹುಡುಗಿ
ನಮಸ್ಕಾರ ಎಲ್ರಿಗೂ. ತಮ್ಮ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಓದ್ತಿದಾನೆ, ಅವನನ್ನ ನೋಡೋ ನೆಪದಲ್ಲಿ ಅಪ್ಪ ಅಮ್ಮನ್ನೂ ಕರ್ಕೊಂಡು ಮೇ ಮೊದಲ ವಾರ ಪಕ್ಕದ ಜೆಕ್ ದೇಶದ ಪ್ರಾಗ್‌ಗೂ ಹೋಗ್ಬರೋಣ ಅಂತಿದೀವಿ. ಅಡಿಕೆ ಕೊಯ್ಲು, ಸುಲಿಯೋದು ಎಲ್ಲ ಅಷ್ಟೊತ್ತಿಗೆ ಮುಗಿದಿರತ್ತೆ, ಆಮೇಲೆ ಮಳೆ ಹಿಡೀತು ಅಂದ್ರೆ ಕೊಳೆ ರೋಗಕ್ಕೆ ಔಷಧಿ ಹೊಡೆಯೋ ಗಲಾಟೆ, ಅಪ್ಪ ತೋಟ ಬಿಟ್ಟು ಶಿವಮೊಗ್ಗಕ್ಕೂ ಬರಲ್ಲ. ಈಗ್ಲೇ ತಕರಾರು ಶುರು ಮಾಡಿದಾರೆ, "ಹಳೇ ಕಲ್ಲು ಕಟ್ಟಡ ನೋಡೋಕೆ ಅಷ್ಟು ದೂರ ಯಾಕೆ, ಇಕ್ಕೇರಿ ಇಲ್ವಾ" ಅಂತ. ಬೆಳಿಗ್ಗೆ ಪಂಚಾಂಗ ನೋಡದೆ ಕಾಫಿ ಲೋಟ ಮುಟ್ಟದ ಮನುಷ್ಯ. ಅಮ್ಮಂಗೆ ಮಂಡಿ ನೋವು, ಮೆಟ್ಟಿಲು ಅಂದ್ರೆ ಆಗಲ್ಲ. ಇಬ್ರೂ ಮೊಟ್ಟೆನೂ ತಿನ್ನಲ್ಲ. ಇವರಿಬ್ಬರಿಗೆ ಅಲ್ಲಿ ಏನು ತೋರಿಸ್ಲಿ?

ಮಂಡಗದ್ದೆ ಹಕ್ಕಿ
ಅಕ್ಕ, ನಿಮ್ಮ ಅಪ್ಪಂಗೆ ಆ ಊರಲ್ಲಿ ಒಂದೇ ಒಂದು ತೋರಿಸಿ ಸಾಕು, ಓಲ್ಡ್ ಟೌನ್ ಚೌಕದಲ್ಲಿರೋ ಖಗೋಳ ಗಡಿಯಾರ. 1410ರದ್ದು. ಎಲ್ಲ ಟೂರಿಸ್ಟುಗಳೂ ಗಂಟೆ ಹೊಡೆಯೋ ಹೊತ್ತಿಗೆ ಬಂದು ಮೊಬೈಲ್ ಎತ್ತಿ ನಿಲ್ತಾರೆ, ಅಸ್ಥಿಪಂಜರ ಗಂಟೆ ಎಳೆಯತ್ತೆ, ಮೇಲೆ ಎರಡು ಕಿಟಕಿ ತೆಗೆದು ಏಸುವಿನ ಶಿಷ್ಯರ ಗೊಂಬೆ ಸುತ್ತು ಹಾಕ್ತವೆ, ಅಷ್ಟರಲ್ಲಿ ಮುಗೀತು, "ಇಷ್ಟೇನಾ" ಅಂತ ಹೊರಡ್ತಾರೆ. ನೀವು ಆ ಜಾತ್ರೆ ಟೈಮಲ್ಲಿ ಹೋಗ್ಬೇಡಿ, ಜೇಬುಗಳ್ಳರಿಗೂ ಅದೇ ಒಳ್ಳೆ ಟೈಮು. ಹತ್ತೂಕಾಲಿಗೋ ಹತ್ತೂವರೆಗೋ ಹೋಗಿ ಆರಾಮಾಗಿ ಮೇಲಿನ ಡಯಲ್ ನೋಡಿ. ಅದು ಬರೀ ಗಂಟೆ ತೋರ್ಸೋದಲ್ಲ ಮಾರಾಯ್ರೆ, ಅರ್ಧ ಪಂಚಾಂಗನೇ ಅದು. ಬಂಗಾರದ ಬಣ್ಣದ ಸೂರ್ಯ ರಾಶಿಚಕ್ರದ ಬಳೆ ಮೇಲೆ ಯಾವ ರಾಶಿಯಲ್ಲಿದಾನೆ ಅಂತ ಕಾಣತ್ತೆ, ಚಂದ್ರ ಅಂದ್ರೆ ಅರ್ಧ ಕಪ್ಪು ಅರ್ಧ ಬೆಳ್ಳಿ ಬಣ್ಣದ ಒಂದು ಗುಂಡು, ಅದು ತಾನೇ ತಿರುಗ್ತಾ ತಿರುಗ್ತಾ ಶುಕ್ಲಪಕ್ಷ ಕೃಷ್ಣಪಕ್ಷ ತೋರಿಸತ್ತೆ. ತೀರಾ ಹೊರಗಿನ ಉಂಗುರದಲ್ಲಿ 24 ಅಂಕಿ ಇದೆ, ಅದು ಹಳೇ ಬೊಹೀಮಿಯಾದ (ಆ ಸೀಮೆಯ ಹಳೇ ಹೆಸರು) ಲೆಕ್ಕ, ಸೂರ್ಯ ಮುಳುಗಿದಾಗ ದಿನ ಮುಗಿದು ಹೊಸದು ಶುರು, ಅದಕ್ಕೆ ಆ ಉಂಗುರ ದಿನಾ ಸ್ವಲ್ಪ ಸ್ವಲ್ಪ ಸರೀತಾ ಇರತ್ತೆ. ಒಳಗಡೆ ಬಾಗಿದ ಗೆರೆಗಳಿದಾವಲ್ಲ, ಅವು ಹಗಲನ್ನ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ 12 ಭಾಗ ಮಾಡೋದು, ನಮ್ಮ ಪಂಚಾಂಗದ ಹೋರೆ ಲೆಕ್ಕನೂ ಹಂಗೇ ತಾನೆ, ಬೇಸಿಗೆಯಲ್ಲಿ ಉದ್ದ ಚಳಿಗಾಲದಲ್ಲಿ ಗಿಡ್ಡ.

ಒಂದು ತಮಾಷೆ ಹೇಳ್ತೀನಿ. ಮೇ ಮೊದಲ ವಾರ ನಮ್ಮ ಪಂಚಾಂಗದಲ್ಲಿ ರವಿ ಮೇಷದಲ್ಲಿರ್ತಾನೆ, ಆ ಗಡಿಯಾರದಲ್ಲಿ ಆಗ್ಲೇ ವೃಷಭಕ್ಕೆ ಹೋಗಿರ್ತಾನೆ. ಅವರದ್ದು ಸಾಯನ, ಅಂದ್ರೆ ಹಗಲು ರಾತ್ರಿ ಸಮ ಆಗೋ ಬಿಂದುವಿನಿಂದ ರಾಶಿ ಎಣಿಸೋದು, ನಮ್ಮದು ನಿರಯನ, ನಕ್ಷತ್ರಗಳಿಂದ ಎಣಿಸೋದು, ನಡುವೆ ಸುಮಾರು 24 ಡಿಗ್ರಿ ವ್ಯತ್ಯಾಸ, ಅದೇ ಅಯನಾಂಶ. ಇದನ್ನ ನೀವು ಮೊದ್ಲೇ ಹೇಳ್ಬೇಡಿ, ಅಪ್ಪನೇ "ಇದು ತಪ್ಪು ತೋರಿಸ್ತಿದೆ" ಅಂತ ಜಗಳಕ್ಕೆ ನಿಲ್ಲಲಿ. ಕೆಳಗಿನ ಡಯಲ್‌ನಲ್ಲಿ ತಿಂಗಳಿಗೊಂದು ಚಿತ್ರ ಇದೆ, ಉಳೋದು ಬಿತ್ತೋದು ಕೊಯ್ಯೋದು, ಅದಂತೂ ತೋಟದೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ.

ಭದ್ರಾವತಿ ಲೋಕಲ್
ಮೇಲಿನವರು ಗಡಿಯಾರದಿಂದ ಈಚೆಗೇ ಬರ್ಲಿಲ್ಲ 😄 ಅಮ್ಮನ ಮಂಡಿ ಬಗ್ಗೆ ನಾನು ಹೇಳ್ತೀನಿ. ಪ್ರಾಗ್ ಕೋಟೆ ಗುಡ್ಡದ ಮೇಲಿದೆ, ನದಿ ಕಡೆಯಿಂದ ಹತ್ತೋಕೆ ಹೋದ್ರೆ ಮೆಟ್ಟಿಲೇ ಮೆಟ್ಟಿಲು. 22ನೇ ನಂಬರ್ ಟ್ರಾಮ್ ಹತ್ತಿ "ಪ್ರಾಝ್ಸ್ಕಿ ಹ್ರಾಡ್" ಸ್ಟಾಪಲ್ಲಿ ಇಳೀರಿ, ಅಲ್ಲಿಂದ ಹೆಚ್ಚುಕಮ್ಮಿ ಸಮ ದಾರಿಯಲ್ಲೇ ಒಳಗೆ ಹೋಗ್ಬಹುದು. ಪೇಪರ್ ಟಿಕೆಟ್ ಆದ್ರೆ ಮಷೀನಲ್ಲಿ ಸ್ಟ್ಯಾಂಪ್ ಹಾಕಿಸ್ಕೊಳ್ಳಿ, ಟಿಕೆಟ್ ಕೈಲಿದ್ರೂ ಸ್ಟ್ಯಾಂಪ್ ಇಲ್ಲ ಅಂದ್ರೆ ಫೈನೇ. ಒಳಗೆ ಸೇಂಟ್ ವೈಟಸ್ ಚರ್ಚ್, 1344ರಲ್ಲಿ ಪಾಯ ಹಾಕಿ 1929ರಲ್ಲಿ ಮುಗಿಸಿದ್ದು, ನಮ್ಮ ಕಡೆ ಸೇತುವೆ ಕಾಮಗಾರಿಗೆ ಬೈಯೋರು ಒಂದ್ಸಲ ನೋಡ್ಬೇಕು. ಚಾರ್ಲ್ಸ್ ಸೇತುವೆಗೆ ಬೆಳಿಗ್ಗೆ ಆರು ಆರೂವರೆಗೆ ಹೋಗಿ, ಹತ್ತು ಗಂಟೆ ಮೇಲೆ ನೂಕುನುಗ್ಗಲು. ಎಲ್ಲ ಕಡೆ ಕಲ್ಲು ಹಾಸಿದ ರಸ್ತೆ, ಚಪ್ಪಲಿ ಬೇಡ, ಶೂ ಹಾಕ್ಸಿ.

ದುಡ್ಡು: ಅಲ್ಲಿ ಯುರೋ ಅಲ್ಲ, ಕೊರುನಾ. ಚೌಕದ ಸುತ್ತ "ನೋ ಕಮಿಷನ್" ಬೋರ್ಡ್ ಹಾಕಿರೋ ದುಡ್ಡು ಬದಲಾಯಿಸೋ ಅಂಗಡಿಯಲ್ಲಿ ರೇಟ್ ನೋಡದೆ ಕೊಟ್ರೆ ಕೈ ಸುಡತ್ತೆ. 2019ರಿಂದ ಒಂದು ಕಾನೂನಿದೆ, 1,000 ಯುರೋ ಒಳಗಿನದ್ದಾದ್ರೆ ಮೂರು ಗಂಟೆ ಒಳಗೆ ರಸೀದಿ ತಗೊಂಡ್ಹೋಗಿ ವಾಪಸ್ ಮಾಡಿಸ್ಬಹುದು. ರಸೀದಿ ಬಿಸಾಕ್ಬೇಡಿ.

ಹೊಸನಗರದ ಮಳೆ
ಊಟಕ್ಕೆ ಚೀಸ್ ಫ್ರೈ ಸಿಗತ್ತೆ, ಎಲ್ಲಾ ಹೋಟೆಲಲ್ಲೂ ಇರತ್ತೆ, ವೆಜ್ಜು, ತೊಂದ್ರೆ ಇಲ್ಲ.

ಮಂಡಗದ್ದೆ ಹಕ್ಕಿ
ಇಲ್ಲ ಸರ್, ಅದನ್ನ ಹಿಟ್ಟು, ಮೊಟ್ಟೆ, ಬ್ರೆಡ್ ಪುಡಿಯಲ್ಲಿ ಅದ್ದಿ ಕರಿಯೋದು, ಪಕ್ಕದಲ್ಲಿ ಕೊಡೋ ಬಿಳಿ ಸಾಸಲ್ಲೂ ಮೊಟ್ಟೆ. ಸೂಪ್ ಕೂಡ ಎಷ್ಟೋ ಕಡೆ ಮೂಳೆ ಬೇಯಿಸಿದ ನೀರಲ್ಲಿ. ಇಂಡಿಯನ್ ಹೋಟೆಲ್ ಇದಾವೆ, ಆದ್ರೆ ದಿನಾ ಅದೇ ಪನೀರು, ನಾನ್ ರೊಟ್ಟಿ ತಿಂದು ಅಪ್ಪಂದಿರು ಸಿಟ್ಟಾಗ್ತಾರೆ, ಅಡುಗೆಮನೆ ಇರೋ ರೂಮ್ ಮಾಡಿ, ಒಂದು ಅನ್ನ ಒಂದು ಸಾರು ಆದ್ರೆ ಗಲಾಟೆ ಇರಲ್ಲ.

ಸಾಗರದ ಹುಡುಗಿ
ಅಯ್ಯೋ ಥ್ಯಾಂಕ್ಸ್, ಮೊಟ್ಟೆ ವಿಷಯ ಗೊತ್ತಾಗಿದ್ದು ಒಳ್ಳೇದಾಯ್ತು. ವೀಸಾ ಜರ್ಮನಿದಾ ಜೆಕ್ ದೇಶದ್ದಾ? ಅಪ್ಪೆಮಿಡಿ ಉಪ್ಪಿನಕಾಯಿ ತಗೊಂಡ್ಹೋಗ್ಬಹುದಾ, ಅಮ್ಮ ಕೇಳ್ತಿದಾರೆ.

ಭದ್ರಾವತಿ ಲೋಕಲ್
ಯಾವ ದೇಶದಲ್ಲಿ ಜಾಸ್ತಿ ದಿನ ಇರ್ತೀರೋ ಅಲ್ಲಿಗೆ ಅಪ್ಲೈ ಮಾಡ್ಬೇಕು, ಸಮ ಇದ್ರೆ ಮೊದಲು ಯಾವುದಕ್ಕೆ ಕಾಲಿಡ್ತೀರೋ ಅದಕ್ಕೆ. ತಮ್ಮ ಇರೋದ್ರಿಂದ ನಿಮಗೆ ಜರ್ಮನಿನೇ ಬರಬಹುದು. ಷೆಂಗೆನ್ ಅಂತ ಯುರೋಪಿನ ಎಷ್ಟೋ ದೇಶಕ್ಕೆ ಸೇರಿ ಒಂದೇ ವೀಸಾ, ಎರಡೂ ಕಡೆ ನಡೆಯತ್ತೆ. ಇನ್ಶೂರೆನ್ಸ್ ಕನಿಷ್ಠ 30,000 ಯುರೋದ್ದು ಬೇಕು. ಆರು ತಿಂಗಳ ಮುಂಚೆಯಿಂದ್ಲೇ ಅರ್ಜಿ ಹಾಕ್ಬಹುದು, ಬೇಸಿಗೆಗೆ ಸ್ಲಾಟ್ ಸಿಗೋದು ಕಷ್ಟ, ಕೊಯ್ಲು ಮುಗೀಲಿ ಅಂತ ಕಾಯ್ಬೇಡಿ. ಉಪ್ಪಿನಕಾಯಿನ ಚೆಕ್ ಇನ್ ಲಗೇಜಲ್ಲಿ ಹಾಕಿ, ಗಟ್ಟಿಯಾಗಿ ಕಟ್ಟಿ, ಎಣ್ಣೆ ಸೋರಿದ್ರೆ ಬಟ್ಟೆ ಕಥೆ ಮುಗೀತು. ತುಪ್ಪ ಮಾತ್ರ ಬೇಡ ಅಂತ ಅಮ್ಮಂಗೆ ಹೇಳಿ, ಹೊರಗಿನಿಂದ ಹಾಲಿನ ಪದಾರ್ಥ ಒಳಗೆ ಬಿಡಲ್ಲ.