ಪಿತ್ತಕೋಶದ ಕಲ್ಲು: ತೆಗೆಸಿದವರು, ಬಿಟ್ಟವರು ಅನುಭವ ಹೇಳಿ

ಬೆಣ್ಣೆದೋಸೆ: ಅಮ್ಮನಿಗೆ 58 ವರ್ಷ. ಬೇರೆ ಯಾವುದಕ್ಕೋ ಸ್ಕ್ಯಾನಿಂಗ್ ಮಾಡಿಸಿದಾಗ ಗಾಲ್ ಬ್ಲಾಡರ್‌ನಲ್ಲಿ 9 ಮಿ.ಮೀ. ಕಲ್ಲು ಕಂಡಿದೆ. ನೋವಿಲ್ಲ. ಶುಗರ್ ಇದೆ. ಆಪರೇಷನ್ ಮಾಡಿಸಬೇಕಾ?

ಮಲೆನಾಡ ಗೌಡ: ನನ್ನ ಕಥೆ ಕೇಳಿ. ಮದುವೆ ಊಟ ಮಾಡಿ ಬಂದ ರಾತ್ರಿ ಬಲಪಕ್ಕೆಯಡಿ ನೋವು ಶುರುವಾಯಿತು. ಬೆನ್ನು, ಭುಜಕ್ಕೂ ಹತ್ತಿತು. ಗ್ಯಾಸ್ ಇರಬೇಕು ಅಂತ ಮನೆಯವರು ಸೋಡಾ ಕುಡಿಸಿದರು. ಬೆಳಗ್ಗೆ ಕಣ್ಣು ಹಳದಿ. ಕಲ್ಲು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡಿತ್ತು. ಬಾಯಿಂದ ಟ್ಯೂಬ್ ಇಳಿಸಿ ಕಲ್ಲು ತೆಗೆದು ಸ್ಟೆಂಟ್ ಹಾಕಿದ್ದಕ್ಕೆ 62,000. ಅದರಿಂದಲೇ ಮೇದೋಜೀರಕ ಊದಿಕೊಂಡು ಐಸಿಯು, 1,18,000. ಆಮೇಲೆ ಲ್ಯಾಪ್ರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಕೊರೆದು ಪಿತ್ತಕೋಶವನ್ನೇ ತೆಗೆಯುವುದು, ಅದಕ್ಕೆ 85,000. ಸ್ಟೆಂಟ್ ತೆಗೆಯಲು ಮತ್ತೆ 14,500. ಬರೀ ಗ್ಲೌಸ್‌ಗೆ 3,200 ಬರೆದಿದ್ದರು! ಪಾಲಿಸಿ ಹೊಸದು, ವೇಟಿಂಗ್ ಪೀರಿಯಡ್ ಅಂತ ಕ್ಲೇಮೂ ಇಲ್ಲ. ಸುಮ್ನೆ ಮೊದಲೇ ತೆಗೆಸಿಬಿಡಿ.

ತುಪ್ಪದ ಹೋಳಿಗೆ: ತೆಗೆಸಿಬಿಡಿ ಅನ್ನುವುದು ಸುಲಭ. ನಾಲ್ಕು ತೂತು, ಮರುದಿನ ಮನೆ, ಸರಿ. ಆಮೇಲಿನದ್ದು ಯಾರೂ ಹೇಳುವುದಿಲ್ಲ. ಲಿವರ್ ಪಿತ್ತ ಮಾಡುತ್ತಲೇ ಇರುತ್ತದೆ, ಕೂಡಿಡಲು ಚೀಲ ಇಲ್ಲ. ಜಿಡ್ಡು ತಿಂದಾಗ ಹಿಂಡಿ ಬಿಡಬೇಕಾದ್ದು ಹೊತ್ತುಗೊತ್ತಿಲ್ಲದೆ ಕರುಳಿಗೆ ಇಳಿಯುತ್ತದೆ. ದೊಡ್ಡ ಕರುಳಿನವರೆಗೆ ಹೋದರೆ ಭೇದಿ. ಈಗ ನಾನು ತಿಂಡಿ ತಿಂದು ಬಸ್ ಹತ್ತುವುದಿಲ್ಲ. ಕರುಳಿನಲ್ಲಿ ಪಿತ್ತ ಹಿಡಿದಿಡುವ ಕೊಲೆಸ್ಟೈರಮೀನ್ ಪುಡಿ ಕೊಟ್ಟಿದ್ದಾರೆ, ಮರಳು ಕಲಸಿ ಕುಡಿದ ಹಾಗೆ. ಮೆಡಿಕಲ್‌ನಲ್ಲಿ ಕೇಳಿದಾಗೆಲ್ಲ ‘ಸ್ಟಾಕ್ ಇಲ್ಲ’.

ಮಲೆನಾಡ ಗೌಡ: ಎಲ್ಲರಿಗೂ ಹಾಗಾಗುವುದಿಲ್ಲ ಮೇಡಂ. ನಾನು ಹಂದಿ ಸಾರು, ಕಡುಬು ಎರಡೂ ತಿನ್ನುತ್ತೇನೆ.

ತುಪ್ಪದ ಹೋಳಿಗೆ: ತಿನ್ನಿ. ನಿಮ್ಮ ಹೊಟ್ಟೆ ನೋಡಿ ಊರವರಿಗೆಲ್ಲ ಸಲಹೆ ಕೊಡಬೇಡಿ.

ಹುರುಳಿ ಕಟ್ಟು: ಇಬ್ಬರೂ ಕತ್ತರಿ ಹಾಕಿಸಿಕೊಂಡವರೇ. ನಮ್ಮ ಭಾವ ಬಾಳೆದಿಂಡಿನ ರಸ ಕುಡಿದರು, ಆಮೇಲೆ ಆಲಿವ್ ಎಣ್ಣೆ, ನಿಂಬೆರಸ. ಬೆಳಗ್ಗೆ ಹಸಿರು ಕಲ್ಲು ರಾಶಿ ಬಿತ್ತು. ಎಣ್ಣೆಗೆ 1,150 ರೂಪಾಯಿ, ಅಷ್ಟೇ ಖರ್ಚು.

ಲ್ಯಾಬ್‌ನವನು: ಸ್ವಾಮಿ, ಬಾಳೆದಿಂಡು ಕಿಡ್ನಿ ಕಲ್ಲಿಗೆ ಹೇಳುವ ಮದ್ದು. ಇದು ಬೇರೆ, ಹೆಚ್ಚಿನವು ಕೊಲೆಸ್ಟರಾಲ್ ಕಲ್ಲು. ಆ ಹಸಿರು ಉಂಡೆ ನೀವು ಕುಡಿದ ಎಣ್ಣೆಯೇ, ಹೊಟ್ಟೆಯಲ್ಲಿ ಸೋಪಾಗಿದೆ. 2005ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಇಂಥದ್ದೇ ಒಬ್ಬ ಹೆಂಗಸಿನ ಕೇಸ್ ಬಂದಿತ್ತು. ‘ಕಲ್ಲು’ 40 ಡಿಗ್ರಿ ಶಾಖಕ್ಕೇ ಕರಗಿತು, ಕೊಲೆಸ್ಟರಾಲ್ ಇರಲೇ ಇಲ್ಲ. ಆ ಹೆಂಗಸು ಕೊನೆಗೆ ಆಪರೇಷನ್ನೇ ಮಾಡಿಸಿಕೊಂಡರು. ನಿಮ್ಮ ಭಾವ ಮತ್ತೆ ಸ್ಕ್ಯಾನಿಂಗ್ ಮಾಡಿಸಿದರಾ?

ಹುರುಳಿ ಕಟ್ಟು: ನೋವು ಹೋದ ಮೇಲೆ ಸ್ಕ್ಯಾನಿಂಗ್ ಯಾಕೆ? ಲ್ಯಾಬ್‌ನವರಿಗೆ ವ್ಯಾಪಾರ ಬೇಕು, ಅಲ್ವಾ? ಫೋಟೋ ಹಾಕಲಾ?

ಮಲೆನಾಡ ಗೌಡ: ಬೇಡ ಮಾರಾಯ, ಊಟಕ್ಕೆ ಕೂತಿದ್ದೇನೆ.

ಸುಮ್ನೆ ಇರೋಳು: ನಮ್ಮತ್ತೆಗೂ ಕಲ್ಲಿದೆ. ನೋವಿಲ್ಲ ಅಂತ ಸರ್ಜನ್ನೇ ‘ಬೇಡ, ನೋವು, ಜ್ವರ, ಕಾಮಾಲೆ ಬಂದರೆ ತಕ್ಷಣ ಬನ್ನಿ’ ಅಂದರು. ಈಗಲೂ ಬೋಂಡಾ ಕರಿಯುತ್ತಾರೆ, ನನಗೇ ಕೊಡುವುದಿಲ್ಲ.

ಬೆಣ್ಣೆದೋಸೆ: ಅಮ್ಮನಿಗೆ ಶುಗರ್ ಇದೆ ಅಂದಿದ್ದೆ. ಅದರ ಬಗ್ಗೆ ಯಾರಾದರೂ...

ಮಲೆನಾಡ ಗೌಡ: ಲ್ಯಾಬ್‌ನವರೇ, ಗ್ಲೌಸ್‌ಗೆ 3,200 ಅಂದರೆ ಎಷ್ಟು ಜೊತೆ ಆಗುತ್ತದೆ, ನೀವಾದರೂ ಹೇಳಿ.